ತಿದ್ದಿಸಿಕೊಂಡು ಕಲಿಯುವ ಆರೈಕೆ

ಕಾರವಾರ, ಜೊಯಿಡಾ ಕಡೆಯವರಿಗೆ ಗೋವಾದ ಬಾಂಬೋಳಿ ಎಂದರೆ ದೊಡ್ಡಾಸ್ಪತ್ರೆ. ಪೋರ್ಚುಗೀಸರ ಆಳ್ವಿಕೆಯಲ್ಲಿ, 1842ರಲ್ಲಿ ಪಣಜಿಯಲ್ಲಿ ಆರಂಭವಾದ ವೈದ್ಯಕೀಯ ಶಾಲೆಯೇ ಬೆಳೆದು ಇಂದು ಬಾಂಬೋಳಿಯಲ್ಲಿ ಗೋವಾ ಮೆಡಿಕಲ್ ಕಾಲೇಜಾಗಿ ನಿಂತಿದೆ. ಮನೋರೋಗ ಚಿಕಿತ್ಸೆಯ ಸರ್ಕಾರಿ ಸಂಸ್ಥೆಯೂ ಅದೇ ಊರಿನಲ್ಲಿದೆ. ವೈದ್ಯವಿದ್ಯೆಗೆ ಇಷ್ಟು ಹಳೆಯ ಪರಂಪರೆ ಇರುವ ಈ ಪುಟ್ಟ ರಾಜ್ಯವನ್ನು ಇತ್ತೀಚಿನ ದಶಕಗಳಲ್ಲಿ ಹೊರಜಗತ್ತು ಗಮನಿಸಿದ್ದು ಮಾತ್ರ ಬೇರೆಯೇ ಕಾರಣಕ್ಕೆ. 1996ರಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಇಲ್ಲಿ ಕಟ್ಟಿದ ‘ಸಂಗಾತ್’ ಎಂಬ ಸ್ವಯಂಸೇವಾ ಸಂಸ್ಥೆ, ವೈದ್ಯರೂ ನರ್ಸುಗಳೂ ಅಲ್ಲದ ಸ್ಥಳೀಯರನ್ನು ಆರಿಸಿ, ಖಿನ್ನತೆಯಿಂದ ಬಳಲುವವರಿಗೆ ಚಿಕಿತ್ಸೆ ಕೊಡುವಷ್ಟು ಪಳಗಿಸಬಹುದೇ ಎಂದು ಪರೀಕ್ಷಿಸಲು ಹೊರಟಿತು. ಪಳಗಿಸಬಹುದು ಎಂದು ಉತ್ತರ ಬಂತು. ಈ ಉತ್ತರವನ್ನು ನಮ್ಮ ಸರ್ಕಾರಗಳು ಅರ್ಧ ಮಾತ್ರ ಕೇಳಿಸಿಕೊಂಡಿವೆ ಎಂಬುದು ನನ್ನ ಆತಂಕ. ‘ಕೆಲವೇ ವಾರಗಳ ತರಬೇತಿ ಸಾಕು’ ಎಂಬ ಭಾಗ ಎಲ್ಲರ ಕಿವಿಗೂ ಬಿದ್ದಿದೆ. ಆ ವಾರಗಳ ನಂತರ ತಿಂಗಳುಗಟ್ಟಲೆ ನಡೆಯುವ ತಿದ್ದುವ ಕೆಲಸದಿಂದಲೇ ಫಲ ಬಂತು ಎಂಬ ಭಾಗ ಯಾರಿಗೂ ಕೇಳಿಸಿದಂತಿಲ್ಲ.

ಈ ಪ್ರಯತ್ನ ಯಾಕೆ ಬೇಕಾಯಿತು ಎಂಬುದಕ್ಕೆ ದೇಶದ ಅಂಕಿಗಳೇ ಸಾಕು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಅವರಲ್ಲಿ ಬಹುಪಾಲು ಜನಕ್ಕೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ಖಿನ್ನತೆ ಇರುವವರು ಮನೋವೈದ್ಯರ ಬಾಗಿಲಿಗೆ ಹೋಗುವುದೇ ಅಪರೂಪ. ನಿದ್ದೆ ಬರುವುದಿಲ್ಲ, ಮೈಕೈ ನೋವು, ಸುಸ್ತು ಎಂದು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಬರುತ್ತಾರೆ, ವಿಟಮಿನ್ ಮಾತ್ರೆಯನ್ನೋ ಇಂಜೆಕ್ಷನ್ನನ್ನೋ ತೆಗೆದುಕೊಂಡು ಹೋಗುತ್ತಾರೆ. ಅಲ್ಲಿನ ವೈದ್ಯರ ಮುಂದಿನ ಸಾಲು ಬಾಗಿಲಾಚೆಗೂ ಬೆಳೆದಿರುತ್ತದೆ. ಒಬ್ಬರ ಜೊತೆ ಅರ್ಧ ಗಂಟೆ ಕೂತು ಮಾತಾಡಲು ಅವರಿಗೆ ಪುರುಸೊತ್ತಿಲ್ಲ. ಮನೋವೈದ್ಯರ ಸಂಖ್ಯೆ ಹೆಚ್ಚುವವರೆಗೆ ಕಾಯೋಣ ಎಂದರೆ ಇವತ್ತಿನ ರೋಗಿಗಳಿಗೆ ಅದರಿಂದ ಏನೂ ಸಿಗುವುದಿಲ್ಲ.

ಸಂಗಾತ್‌ನ ಮೊದಲ ದೊಡ್ಡ ಪರೀಕ್ಷೆಯ ಹೆಸರು ‘ಮಾನಸ್’. ಗೋವಾದ 12 ಸರ್ಕಾರಿ ಆರೋಗ್ಯ ಕೇಂದ್ರಗಳು ಮತ್ತು 12 ಖಾಸಗಿ ದವಾಖಾನೆಗಳಲ್ಲಿ ಸುಮಾರು 2,800 ರೋಗಿಗಳನ್ನು ಒಳಗೊಂಡು ನಡೆದ ಇದರ ಫಲಿತಾಂಶ 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಸರ್ಕಾರಿ ಕೇಂದ್ರಗಳಲ್ಲಿ ಆಪ್ತಸಮಾಲೋಚಕರ ನೆರವು ಸಿಕ್ಕ ರೋಗಿಗಳ ಪೈಕಿ ನೂರಕ್ಕೆ ಸುಮಾರು 66 ಮಂದಿ ಆರು ತಿಂಗಳಲ್ಲಿ ಚೇತರಿಸಿಕೊಂಡಿದ್ದರು. ಆ ನೆರವಿಲ್ಲದ ಕಡೆ ಚೇತರಿಸಿಕೊಂಡವರು ಸುಮಾರು 42. ಖಾಸಗಿ ದವಾಖಾನೆಗಳಲ್ಲಿ ಮಾತ್ರ ಎರಡೂ ಗುಂಪುಗಳ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ. ಸಂಗಾತ್‌ನ ಕೆಲಸವನ್ನು ಹೊಗಳುವವರು ಈ ಎರಡನೆಯ ಸಂಗತಿಯನ್ನು ಬಿಟ್ಟುಬಿಡುವುದುಂಟು, ಬಿಡಬಾರದು. ರೋಗಿಯ ಗುರುತು ಪರಿಚಯವಿರುವ, ಮಾತಿಗೆ ಸಮಯ ಕೊಡುವ ಕುಟುಂಬ ವೈದ್ಯರಿರುವಲ್ಲಿ ಹೊಸಬರೊಬ್ಬರು ಬಂದು ಸೇರಿಸುವುದು ಕಡಿಮೆಯೇ ಇರಬಹುದು. ಹಾಗಾದರೆ ಕೊರತೆ ಇರುವುದು ಎಲ್ಲಿ ಎಂಬುದನ್ನೂ ಅದೇ ಅಂಕಿ ತೋರಿಸಿಕೊಡುತ್ತದೆ.

ಇದಾದ ಮೇಲಿನ ‘ಪ್ರೀಮಿಯಂ’ ಯೋಜನೆಯಲ್ಲಿ ಕಲಿಕೆಯ ಕ್ರಮ ಇನ್ನಷ್ಟು ಗಟ್ಟಿಯಾಯಿತು. ಮಾನಸಿಕ ಆರೋಗ್ಯದಲ್ಲಿ ಯಾವ ಪೂರ್ವ ತರಬೇತಿಯೂ ಇಲ್ಲದ, ಜನರ ಭಾಷೆ ಬಲ್ಲ ಸ್ಥಳೀಯರನ್ನು ಆರಿಸಿ ಮೊದಲು ಸುಮಾರು ಮೂರು ವಾರ ತರಗತಿ ನಡೆಸಿದರು. ರೋಗಿಯ ಪಾತ್ರವನ್ನು ಒಬ್ಬರು, ಸಮಾಲೋಚಕರ ಪಾತ್ರವನ್ನು ಇನ್ನೊಬ್ಬರು ವಹಿಸಿ ಮಾತಾಡುವುದೇ ಅಲ್ಲಿನ ಮುಖ್ಯ ಪಾಠ. ಆಮೇಲೆ ತಿಂಗಳುಗಟ್ಟಲೆ ಆರೋಗ್ಯ ಕೇಂದ್ರಗಳಲ್ಲಿ ನಿಜವಾದ ರೋಗಿಗಳೊಂದಿಗೆ ಅಭ್ಯಾಸ. ರೋಗಿಯ ಒಪ್ಪಿಗೆ ಪಡೆದು ಮಾತುಕತೆಯನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಆ ರೆಕಾರ್ಡಿಂಗನ್ನು ಗುಂಪಾಗಿ ಕೂತು ಕೇಳಿ, ಮೊದಲೇ ಒಪ್ಪಿಕೊಂಡ ಮಾನದಂಡದ ಮೇಲೆ ಅಂಕ ಹಾಕಿ, ಎಲ್ಲಿ ಎಡವಿದರು ಎಂದು ಚರ್ಚಿಸುತ್ತಿದ್ದರು. ಆರಂಭದಲ್ಲಿ ತಜ್ಞರು ಈ ಸಭೆ ನಡೆಸಿದರು. ಕ್ರಮೇಣ ಜೊತೆಯ ಸಮಾಲೋಚಕರೇ ಒಬ್ಬರನ್ನೊಬ್ಬರು ತಿದ್ದುವ ಹಂತಕ್ಕೆ ಬಂದರು. ಹೀಗೆ ಜೊತೆಯವರು ಕೊಟ್ಟ ಅಂಕಗಳು ತಜ್ಞರ ಅಂಕಗಳಿಗೆ ಸಾಕಷ್ಟು ಹೊಂದಿಕೆಯಾಗಿದ್ದವು ಎಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಸಂಗೀತ ಪಾಠದಲ್ಲಿ ಅಪಸ್ವರ ಬಂದ ಜಾಗದಲ್ಲೇ ನಿಲ್ಲಿಸಿ ಮತ್ತೆ ಹಾಡಿಸುವ ಕ್ರಮವೇ ಇದು, ಆರೈಕೆಗೆ ಒಗ್ಗಿಸಿಕೊಂಡದ್ದು.

ತಿದ್ದಬೇಕಾದದ್ದು ಏನು ಎಂದು ಕೇಳಿದರೆ, ಈ ಕೆಲಸದ ಕಷ್ಟ ಅಲ್ಲೇ ಗೊತ್ತಾಗುತ್ತದೆ. ಹೊಸಬರು ಸಾಮಾನ್ಯವಾಗಿ ಎಡವುವುದು ಒಳ್ಳೆಯತನದಿಂದಲೇ. ಎದುರಿಗಿರುವವರು ಅತ್ತರೆ ತಡೆಯಲಾರದೆ ಬುದ್ಧಿ ಹೇಳುತ್ತಾರೆ, ‘ಎಲ್ಲಾ ಸರಿಹೋಗುತ್ತೆ’ ಎನ್ನುತ್ತಾರೆ, ತಮಗೆ ತಿಳಿದ ಇನ್ನೊಬ್ಬರ ಕಥೆ ಹೇಳತೊಡಗುತ್ತಾರೆ. ಖಿನ್ನತೆಗಾಗಿ ರೂಪಿಸಿದ ಈ ಚಿಕಿತ್ಸೆ ಕೇಳುವುದು ಬೇರೆಯದನ್ನು. ಮನಸ್ಸು ಸರಿಹೋದ ಮೇಲೆ ಕೆಲಸಕ್ಕೆ ಏಳೋಣ ಎಂದು ರೋಗಿ ಕಾಯುತ್ತಿರುತ್ತಾರೆ. ಸಣ್ಣದೊಂದು ಕೆಲಸಕ್ಕೆ ಎದ್ದರೆ ಮನಸ್ಸು ಹಿಂದೆ ಬರುತ್ತದೆ ಎಂಬುದು ಚಿಕಿತ್ಸೆಯ ತಿರುಳು. ಯಾವ ಕೆಲಸ, ಎಷ್ಟು ಹೊತ್ತಿಗೆ, ಅಡ್ಡಿ ಬಂದರೆ ಏನು ಎಂಬುದನ್ನು ರೋಗಿಯ ಬಾಯಿಂದಲೇ ಹೊರಡಿಸಬೇಕು. ಮುಂದಿನ ವಾರ ಅದನ್ನು ನೆನಪಿಟ್ಟು ಕೇಳಬೇಕು. ಆರರಿಂದ ಎಂಟು ಭೇಟಿಗಳಲ್ಲಿ ಮುಗಿಯುವ ಈ ಚಿಕಿತ್ಸೆಯ ಕೈಪಿಡಿಯನ್ನು ಯಾರಾದರೂ ಓದಬಹುದು. ತಾನು ಯಾವ ಕ್ಷಣದಲ್ಲಿ ಅವಸರಪಟ್ಟೆ ಎಂಬುದು ಮಾತ್ರ ತನ್ನದೇ ದನಿಯನ್ನು ಇನ್ನೊಬ್ಬರ ಜೊತೆ ಕೂತು ಕೇಳಿಸಿಕೊಂಡಾಗಲೇ ಗೊತ್ತಾಗುವುದು.

2017ರಲ್ಲಿ ಇದರ ಫಲವೂ ‘ಲ್ಯಾನ್ಸೆಟ್’ನಲ್ಲೇ ಬಂತು. ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯ 495 ಮಂದಿಯಲ್ಲಿ, ಈ ಸಮಾಲೋಚನೆ ಪಡೆದವರ ಪೈಕಿ ನೂರಕ್ಕೆ 64 ಜನ ಮೂರು ತಿಂಗಳಲ್ಲಿ ಗುಣಮುಖರಾಗಿದ್ದರು, ಪಡೆಯದವರಲ್ಲಿ 39. ಒಂದು ವರ್ಷದ ನಂತರವೂ ಲಾಭ ಉಳಿದಿತ್ತು. ಚಿಕಿತ್ಸೆ ಕೊಟ್ಟವರು 11 ಸಮಾಲೋಚಕರು. ಅವರೇ ಕುಡಿತದ ತೊಂದರೆ ಇದ್ದ 377 ಗಂಡಸರಿಗೂ ಸಮಾಲೋಚನೆ ನೀಡಿದರು. ಅಲ್ಲಿ ಫಲ ಚಿಕ್ಕದು, ಗುಣಮುಖರಾದವರು ನೂರಕ್ಕೆ 36, ಸಮಾಲೋಚನೆ ಪಡೆಯದವರಲ್ಲಿ 26. ಕುಡಿತ ಬಿಟ್ಟವರ ಸಂಖ್ಯೆ ಹೆಚ್ಚಾಯಿತು, ಬಿಡದವರು ಕುಡಿಯುವ ಪ್ರಮಾಣ ಇಳಿಯಲಿಲ್ಲ. ಒಂದೇ ಕೈಗಳು, ಒಂದೇ ಕ್ರಮದ ಕಲಿಕೆ, ಎರಡು ಕಾಯಿಲೆಗಳಲ್ಲಿ ಬೇರೆ ಬೇರೆ ಫಲ. ಇದನ್ನು ಮುಚ್ಚಿಡದೆ ಹೇಳಿದ್ದರಿಂದಲೇ ಮೊದಲ ಅಂಕಿಯ ಮೇಲೂ ನಂಬಿಕೆ ಬರುತ್ತದೆ.

ಮನಸ್ಸಿನ ಕಾಯಿಲೆಯ ಆಚೆಗೂ ಈ ಕ್ರಮ ನಡೆದಿದೆ. 2011ರ ಜನಗಣತಿಯಂತೆ ಗೋವಾದ ಜನರಲ್ಲಿ ನೂರಕ್ಕೆ 11 ಮಂದಿ ಅರವತ್ತು ದಾಟಿದವರು. ಈ ಲೆಕ್ಕದಲ್ಲಿ ರಾಜ್ಯಗಳ ಪೈಕಿ ಕೇರಳದ ನಂತರದ ಸ್ಥಾನ ಗೋವಾದ್ದು. ಮಕ್ಕಳು ಗಲ್ಫಿಗೋ ಪೋರ್ಚುಗೀಸ್ ಪಾಸ್‌ಪೋರ್ಟ್ ಹಿಡಿದು ಇಂಗ್ಲೆಂಡಿಗೋ ಹೋಗಿ, ಮುದುಕರು ಮುದುಕರನ್ನೇ ನೋಡಿಕೊಳ್ಳುವ ಮನೆಗಳು ಇಲ್ಲಿ ಕಡಿಮೆಯಿಲ್ಲ. ಮರೆವಿನ ಕಾಯಿಲೆ ಬಂದವರ 81 ಕುಟುಂಬಗಳೊಂದಿಗೆ ನಡೆದ, 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಜ್ಞರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದ ಗೃಹ ಆರೈಕೆ ಸಲಹೆಗಾರರು ಆರು ತಿಂಗಳು ಮನೆಗಳಿಗೆ ಹೋಗಿಬಂದರು. ಆರೈಕೆ ಮಾಡುವವರ, ಅಂದರೆ ಹೆಚ್ಚಾಗಿ ಹೆಂಡತಿಯರ, ಸೊಸೆಯರ, ಮಗಳಂದಿರ ಮನಸ್ಸಿನ ಭಾರ ಇಳಿಯಿತು. ಕಾಯಿಲೆ ಗುಣವಾಗುವಂಥದ್ದಲ್ಲ, ಮನೆಯವರು ಕುಸಿಯದಂತೆ ನೋಡಿಕೊಳ್ಳುವುದೂ ಒಂದು ವಿದ್ಯೆ ಎಂದು ಒಪ್ಪಿಕೊಂಡದ್ದೇ ಈ ಪ್ರಯೋಗದ ದೊಡ್ಡ ಗುಣ ಎನ್ನಿಸುತ್ತದೆ.

ಇದಕ್ಕೆಲ್ಲ ಬರುವ ಆಕ್ಷೇಪಗಳು ಹಗುರವಾದವಲ್ಲ. ಶ್ರೀಮಂತರಿಗೆ ತಜ್ಞರು, ಬಡವರಿಗೆ ಅರೆಕಲಿತವರೇ ಎಂಬುದು ಮೊದಲನೆಯದು. ಹೋಲಿಕೆ ತಜ್ಞರ ಜೊತೆಗೆ ಎಂದಾದರೆ ಆಕ್ಷೇಪ ಸರಿ. ಆದರೆ ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಂತವರಿಗೆ ಸಿಗುತ್ತಿದ್ದದ್ದು ತಜ್ಞರಲ್ಲ, ಏನೂ ಇಲ್ಲದ ಸ್ಥಿತಿ. ಅಲ್ಲದೆ ಆತ್ಮಹತ್ಯೆಯ ಯೋಚನೆ ಇರುವವರನ್ನು, ಸಮಾಲೋಚನೆಯಿಂದ ಚೇತರಿಸದವರನ್ನು ಮನೋವೈದ್ಯರತ್ತ ಕಳಿಸುವ ದಾರಿ ತೆರೆದೇ ಇರಬೇಕು. ಆ ದಾರಿ ಮುಚ್ಚಿದ ದಿನ ಆಕ್ಷೇಪ ಪೂರ್ತಿ ನಿಜವಾಗುತ್ತದೆ. ಸಮಾಧಾನ ಹೇಳಲು ಊರಿನ ಹಿರಿಯರಿಲ್ಲವೇ, ಇದಕ್ಕೂ ತರಬೇತಿಯೇ ಎಂಬ ಮಾತೂ ಇದೆ. ಮನೆಯ ವಿಷಯ ಓಣಿಗೆ ತಿಳಿಯುತ್ತದೆಂಬ ಭಯಕ್ಕೆ ಹಿರಿಯರ ಬಳಿ ಬಾಯಿಬಿಡದವರೇ ಹೆಚ್ಚು. ಗುಟ್ಟು ಕಾಯುವ ಶಿಸ್ತನ್ನು ಕಲಿಸಬೇಕಾಗುತ್ತದೆ, ಅದನ್ನು ಮೀರಿದರೆ ಕೇಳುವವರೂ ಇರಬೇಕಾಗುತ್ತದೆ.

ನನಗೆ ಅತ್ಯಂತ ಗಟ್ಟಿಯೆನಿಸುವ ಆಕ್ಷೇಪ ದುಡಿಮೆಯದು. ಕಲಿಕೆ, ಸೇವೆ ಎಂಬ ಹೆಸರಿನಲ್ಲಿ ಹೆಂಗಸರಿಂದ ಅಗ್ಗಕ್ಕೆ ಕೆಲಸ ತೆಗೆಯುವುದು ಈ ದೇಶಕ್ಕೆ ಹೊಸತಲ್ಲ. ಆಶಾ ಯೋಜನೆಯನ್ನು ಗೋವಾ ಅಳವಡಿಸಿಕೊಳ್ಳಲಿಲ್ಲ. ಕರ್ನಾಟಕದಲ್ಲಿ ಆ ಕಾರ್ಯಕರ್ತೆಯರು ಸಂಬಳವಲ್ಲದ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಮತ್ತೆ ಮತ್ತೆ ಧರಣಿ ಕೂತದ್ದನ್ನು ಕಂಡಿದ್ದೇವೆ. ಅವರ ಕೈಗೆ ಇನ್ನೊಂದು ಕೈಪಿಡಿ ಕೊಟ್ಟು ಖಿನ್ನತೆಯನ್ನೂ ನೋಡಿಕೊಳ್ಳಿ ಎನ್ನುವುದು ಅನ್ಯಾಯ. ಅದಕ್ಕೆ ಗೋವಾದ ಹೆಸರು ಹೇಳುವುದು ಇನ್ನೂ ಅನ್ಯಾಯ. ಗೋವಾದ ಸಮಾಲೋಚಕರು ಇದನ್ನೇ ಕೆಲಸವಾಗಿ ಮಾಡಿದರು, ವಾರದಲ್ಲಿ ಕಲಿಕೆಗೆಂದೇ ಹೊತ್ತು ಮೀಸಲಿತ್ತು.

ತರಬೇತಿಗಿಂತ ಆಮೇಲಿನ ತಿದ್ದುವ ಕೆಲಸವೇ ಮುಖ್ಯ ಎಂಬ ಪಾಠದ ಇನ್ನೊಂದು ರೂಪ ಕರ್ನಾಟಕಕ್ಕೆ ಹಳೆಯ ಪರಿಚಯ. 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ನಿಮ್ಹಾನ್ಸ್ ತಜ್ಞರು ಹಳ್ಳಿಯ ಆರೋಗ್ಯ ಸಿಬ್ಬಂದಿಗೆ ಮಾನಸಿಕ ಕಾಯಿಲೆ ಗುರುತಿಸಲು ಕಲಿಸತೊಡಗಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಿಡೀ ಅದರ ಪ್ರಯೋಗ ನಡೆಯಿತು. ಆ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಜಿಲ್ಲೆಯಿಂದ ಜಿಲ್ಲೆಗೆ ತರಬೇತಿ ಶಿಬಿರಗಳನ್ನು ಹಬ್ಬಿಸುವುದು ಸುಲಭ, ಬಳ್ಳಾರಿಯಲ್ಲಿ ತಜ್ಞರು ಇಟ್ಟಿದ್ದಷ್ಟು ಗಮನವನ್ನು ಹಬ್ಬಿಸುವುದು ಕಷ್ಟ. ಈಗ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮ ನಮ್ಮಲ್ಲಿದೆ. ಆ ದಿನದ ಎರಡು ಗಂಟೆಯನ್ನು ಸಂಬಳದ ಸಮಾಲೋಚಕರೊಂದಿಗೆ ಅವರ ವಾರದ ಮಾತುಕತೆಗಳನ್ನು ಕೇಳಿ ತಿದ್ದಲು ಮೀಸಲಿಟ್ಟರೆ ಹೊಸ ಕಟ್ಟಡವೂ ಬೇಡ, ಹೊಸ ಇಲಾಖೆಯೂ ಬೇಡ. ಗೋವಾದಲ್ಲೂ ಒಂದು ಕೆಲಸ ಬಾಕಿಯಿದೆ. ವಾಸ್ಕೋ, ಬೈನಾ, ಝುವಾರಿನಗರದ ಕಡೆ ವಿಜಯಪುರ, ಬಾಗಲಕೋಟೆ, ಗದಗದಿಂದ ಬಂದು ನೆಲೆಸಿದ ಕೂಲಿ ಕುಟುಂಬಗಳಲ್ಲಿ ಮನಸ್ಸಿನ ಮಾತು ಕನ್ನಡದಲ್ಲೇ ಹೊರಡುವ ಎಷ್ಟೋ ತಾಯಂದಿರಿದ್ದಾರೆ. ಅವರ ಎದುರು ಕೂರಬೇಕಾದ ಸಮಾಲೋಚಕಿಯನ್ನು ಅದೇ ಓಣಿಯಲ್ಲಿ ಬೆಳೆದು ಪಿಯುಸಿ ಮುಗಿಸಿದ ಹುಡುಗಿಯರಿಂದ ಆರಿಸಬಹುದು. ಅವಳ ಕನ್ನಡದ ರೆಕಾರ್ಡಿಂಗ್ ಕೇಳಿ ತಿದ್ದಬಲ್ಲವರನ್ನು ಗಡಿಯ ಈಚೆಯಿಂದ ಕಳಿಸುವುದು ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಸಂಸ್ಥೆಗೆ ಅಸಾಧ್ಯವೇನಲ್ಲ.