ಗ್ರಾಂಟ್ ರೋಡಿನಿಂದ ಒಂದು ಹಗಲು

ಗ್ರಾಂಟ್ ರೋಡಿನಲ್ಲಿರುವ ನಮ್ಮ ಖೋಲಿ ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಅದರಲ್ಲಿ ನಾನು, ನನ್ನ ಹೆಂಡತಿ, ಮಗಳು ಮತ್ತು ಓದಲೆಂದು ಊರಿನಿಂದ ಬಂದಿರುವ ಅಕ್ಕನ ಮಗ. ಮುಂಬಯಿಯಲ್ಲಿ ಸಂಸಾರ ಹೂಡಿದ ಬಂಧುಗಳಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಳಗೆ ಭಾಜಿ ಗಲ್ಲಿಯ ಕೂಗಾಟ, ಆಚೆಗೆ ಲೋಕಲ್ ಗಾಡಿಗಳ ಸದ್ದು. ಹುಡುಗನು ಓದುವುದು ಎಲ್ಲರೂ ಮಲಗಿದ ಮೇಲೆ, ಅಡಿಗೆಯ ಕಟ್ಟೆಯ ಪಕ್ಕದಲ್ಲಿ ಸಣ್ಣ ದೀಪ ಹಚ್ಚಿಕೊಂಡು.

ಹುಡುಗ ಜಾಣ, ಊರಿನ ಶಾಲೆಯಲ್ಲಿ ತರಗತಿಗೇ ಮೊದಲಿಗನಾಗಿದ್ದವನು. ಇಲ್ಲಿ ಬಿ.ಕಾಂ. ಜೊತೆಗೆ ಸಿ.ಎ. ಪರೀಕ್ಷೆಯನ್ನೂ ಹಚ್ಚಿಕೊಂಡಿದ್ದಾನೆ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಕಾಲೇಜು, ಸಂಜೆ ಮತ್ತೆ ಕ್ಲಾಸು. ಕಳೆದ ಚಳಿಗಾಲದಲ್ಲಿ ಅವನಿಗೆ ತಲೆನೋವು ಶುರುವಾಯಿತು. ಊಟ ಅರ್ಧಕ್ಕೆ ಬಂತು. ರಾತ್ರಿ ಎರಡು ಗಂಟೆಗೆ ನೋಡಿದರೆ ಗೋಡೆಗೆ ಒರಗಿ ಸುಮ್ಮನೆ ಕುಳಿತಿರುತ್ತಿದ್ದ. ಕಣ್ಣಿನ ಡಾಕ್ಟರು ಪರೀಕ್ಷಿಸಿ, ಕಣ್ಣಿಗೇನೂ ದೋಷವಿಲ್ಲವೆಂದರು. ಒಂದು ರಾತ್ರಿ ಅವನೇ ಮೆಲ್ಲಗೆ ಹೇಳಿದ: "ಮಾವಾ, ಓದಿದ್ದು ಒಂದೂ ತಲೆಯಲ್ಲಿ ನಿಲ್ಲುವುದಿಲ್ಲ."

ಆ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ಅದಕ್ಕೆ ಕಾರಣವುಂಟು. ನಾನು ಹಗಲು ಹೋಟೆಲಿನ ಗಲ್ಲದ ಮೇಲೆ ಕುಳಿತು, ಉಳಿದ ಹೊತ್ತಿನಲ್ಲಿ ಓದಿ ಬಿ.ಎ. ಮಾಡಿದವನು. ಎರಡನೆಯ ವರ್ಷದ ಪರೀಕ್ಷೆಯಲ್ಲಿ ಪ್ರಶ್ನಪತ್ರಿಕೆಯನ್ನು ಮುಂದಿಟ್ಟುಕೊಂಡು, ಒಂದಕ್ಷರವೂ ನೆನಪಾಗದೆ ಅರ್ಧ ಗಂಟೆ ಕುಳಿತು ಎದ್ದು ಬಂದಿದ್ದೆ. ಒಂದು ವರ್ಷ ಮಣ್ಣುಪಾಲಾಯಿತು. ಜ್ವರ ಬಂದಿತ್ತೆಂದು ಊರಿಗೆ ಸುಳ್ಳು ಬರೆದೆ. ನಿಜ ಸಂಗತಿ ಈ ತನಕ ಮನೆಯಲ್ಲಿ ಯಾರಿಗೂ ತಿಳಿಯದು. ಈ ಸಂಚಿಕೆ ಅಕ್ಕನ ಕೈಗೆ ಸಿಕ್ಕಿದರೆ ತಿಳಿದೀತು.

ಭಾನುವಾರ ಹುಡುಗನನ್ನು ಕಾನ್ಹೇರಿಗೆ ಕರೆದುಕೊಂಡು ಹೋಗುತ್ತೇನೆಂದು ಫೋನಿನಲ್ಲಿ ಹೇಳಿದಾಗ ಅಕ್ಕ ರೇಗಿದಳು. "ಪರೀಕ್ಷೆ ಹತ್ತಿರ ಬಂದಾಗ ಗುಡ್ಡ ಸುತ್ತಿಸುವುದಾ? ಗುಡ್ಡ ನೋಡಲಿಕ್ಕೆ ಅವನನ್ನು ಮುಂಬಯಿಗೆ ಕಳಿಸಬೇಕಿತ್ತಾ? ನಮ್ಮ ಮನೆಯ ಹಿಂದೆ ಇರಲಿಲ್ಲವಾ?"

ಅಕ್ಕನ ಮಾತಿನಲ್ಲಿಯೇ ಉತ್ತರವಿತ್ತು. ಊರಿನಲ್ಲಿ ಅವನು ದಿನಾ ಆ ಗುಡ್ಡ ಹತ್ತಿ ಇಳಿದೇ ಶಾಲೆಗೆ ಹೋಗುತ್ತಿದ್ದ. ಸಂಜೆ ತೋಡಿನಲ್ಲಿ ಕಾಲು ಇಳಿಬಿಟ್ಟು ಕುಳಿತಿರುತ್ತಿದ್ದ. ಅದಕ್ಕೆ ಯಾರೂ ವಿಹಾರವೆಂದು ಹೆಸರಿಟ್ಟಿರಲಿಲ್ಲ. ಇಲ್ಲಿಗೆ ಬಂದು ಒಂದೂವರೆ ವರ್ಷವಾದರೂ ಅವನ ಕಾಲು ಮಣ್ಣು ಮೆಟ್ಟಿರಲಿಲ್ಲ. ಊರಲ್ಲಿ ಕೇಳದೆಯೇ ಸಿಕ್ಕುತ್ತಿದ್ದುದನ್ನು ಇಲ್ಲಿ ನಾವೇ ಹುಡುಕಿ ಕೊಡಬೇಕಲ್ಲವೆ? ಅಂಕ ಬಂದ ಮೇಲೆ ಕೊಡುವ ಬಹುಮಾನವಾಗಿ ಅಲ್ಲ, ಎರಡು ಹೊತ್ತಿನ ಊಟ ಕೊಟ್ಟ ಹಾಗೆ.

ಬೆಳಿಗ್ಗೆ ಏಳರ ಹೊತ್ತಿಗೆ ಗ್ರಾಂಟ್ ರೋಡಿನಲ್ಲಿ ಸ್ಲೋ ಲೋಕಲ್ ಹಿಡಿದೆವು. ಬೊರಿವಲಿಗೆ ಸುಮಾರು ಒಂದು ತಾಸು. ಇಬ್ಬರ ಗಾಡಿಯ ಖರ್ಚು ಒಂದು ದಿನದ ಚಹಾ-ತಿಂಡಿಯ ಖರ್ಚಿಗಿಂತ ಹೆಚ್ಚಲ್ಲ. ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಹೆದ್ದಾರಿ ದಾಟಿದರೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಬಾಗಿಲು. ನೂರು ಚದರ ಕಿಲೋಮೀಟರಿಗೂ ಮಿಕ್ಕಿದ ಕಾಡು, ಅದರೊಳಗೆ ತುಳಸಿ, ವಿಹಾರ ಎಂಬ ಎರಡು ಕೆರೆಗಳು, ಚಿರತೆಗಳೂ ಉಂಟು. ಇಷ್ಟು ದೊಡ್ಡ ಪಟ್ಟಣದ ಮಗ್ಗುಲಲ್ಲೇ ಇಂಥದೊಂದು ಕಾಡು ಉಳಿದಿರುವುದು ನಮ್ಮ ಪುಣ್ಯ. ಬಾಗಿಲಿನಿಂದ ಕಾನ್ಹೇರಿಗೆ ಆರೇಳು ಕಿಲೋಮೀಟರು. ಬಸ್ಸು ಇದೆ, ನಾವು ನಡೆದೆವು. ಮೊದಲ ಅರ್ಧ ದಾರಿ ಹುಡುಗ ತುಟಿ ಬಿಚ್ಚಲಿಲ್ಲ. ನಾನೂ ಪರೀಕ್ಷೆಯ ಮಾತೆತ್ತಲಿಲ್ಲ. ಇದು ಬಹಳ ಮುಖ್ಯ. ದಾರಿಯುದ್ದಕ್ಕೂ ಅಂಕಗಳ ವಿಚಾರಣೆ ನಡೆಸುವ ಹಿರಿಯರು ಮನೆಯಲ್ಲಿಯೇ ಉಳಿಯುವುದು ಲೇಸು.

ಕಾನ್ಹೇರಿಯಲ್ಲಿ ಕರಿಕಲ್ಲಿನ ಗುಡ್ಡವನ್ನು ಕೊರೆದು ಮಾಡಿದ ಗುಹೆಗಳು ನೂರಕ್ಕೂ ಹೆಚ್ಚು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಆರಂಭವಾಗಿ ಅನೇಕ ಶತಮಾನ ಬೌದ್ಧ ಭಿಕ್ಷುಗಳು ಇಲ್ಲಿ ವಾಸಿಸಿ ಓದಿದರು, ಧ್ಯಾನ ಮಾಡಿದರು. ಗುಹೆಗಳ ಬಳಿ ಮಳೆನೀರು ಹಿಡಿಯುವ ಕಲ್ಲಿನ ತೊಟ್ಟಿ, ಒಳಗೆ ಮಲಗಲು ಕಲ್ಲಿನ ಜಗಲಿ. ಒಂದು ಗುಹೆಯೊಳಗೆ ನಿಂತು ಸುತ್ತ ಕಣ್ಣಾಡಿಸಿ ಹುಡುಗನೆಂದ: "ಮಾವಾ, ಇವರ ಖೋಲಿ ನಮ್ಮದಕ್ಕಿಂತ ದೊಡ್ಡದು." ಎರಡು ತಿಂಗಳಲ್ಲಿ ಅವನು ಆಡಿದ ಮೊದಲ ತಮಾಷೆ ಅದು.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ವಿಶೇಷವುಂಟು. ಇಲ್ಲಿಯ ಸಂಸ್ಕೃತ ಶಾಸನಗಳಲ್ಲಿ ನಮ್ಮ ರಾಷ್ಟ್ರಕೂಟ ದೊರೆ ಅಮೋಘವರ್ಷನ ಹೆಸರಿದೆ. 'ಕವಿರಾಜಮಾರ್ಗ'ದ ಮೂಲಕ ನಾವು ಬಲ್ಲ ನೃಪತುಂಗನೇ ಅವನು. ಆಗ ಈ ಕೊಂಕಣವನ್ನು ಅವನ ಸಾಮಂತರಾದ ಶಿಲಾಹಾರರು ಆಳುತ್ತಿದ್ದರು. ಪುಲ್ಲಶಕ್ತಿ ಎಂಬ ಸಾಮಂತನ ಕಾಲದ, ಕ್ರಿ.ಶ. 843ರದೆಂದು ಹೇಳುವ ಶಾಸನದಲ್ಲಿ ವಿಹಾರದ ದುರಸ್ತಿಗೆ, ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ ಎಂದು ಬೇರೆ ಬೇರೆಯಾಗಿ ಹಣ ಗೊತ್ತುಮಾಡಿದ ವಿವರ ಬರುತ್ತದೆ. ಸರ್ಕಾರಿ ಕಚೇರಿಯಲ್ಲಿ ಬಿಲ್ಲು ಬರೆಯುವ ನನಗೆ ಈ ಬಾಬುವಾರು ಲೆಕ್ಕ ಬಹಳ ಹಿಡಿಸಿತು. ಮಾನ್ಯಖೇಟ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ದೊರೆಯ ಹೆಸರು ಬೊರಿವಲಿಯ ಕಾಡಿನ ಬಂಡೆಯ ಮೇಲಿರುವಾಗ, ನಾವು ಇಲ್ಲಿ ನಿನ್ನೆ ಮೊನ್ನೆ ಬಂದವರೆಂದು ಕುಗ್ಗಬೇಕಾದ್ದಿಲ್ಲವೆಂದು ಹುಡುಗನಿಗೆ ಹೇಳಿದೆ.

ಬುತ್ತಿ ಬಿಚ್ಚಿದೆವು. ಚಪಾತಿಯ ಪೊಟ್ಟಣವನ್ನು ಮಂಗವೊಂದು ನಮ್ಮ ಕಣ್ಣೆದುರಿಗೇ ಎತ್ತಿಕೊಂಡು ಹೋಯಿತು. ಉಳಿದ ಅವಲಕ್ಕಿಯನ್ನು ಹಂಚಿಕೊಂಡು ತಿಂದೆವು. ಆಮೇಲೆ ಹುಡುಗ ನೆರಳಿನ ಬಂಡೆಯ ಮೇಲೆ ಚೀಲವನ್ನು ತಲೆದಿಂಬು ಮಾಡಿಕೊಂಡು ಒರಗಿದವನು ಒಂದೂವರೆ ತಾಸು ನಿದ್ದೆ ಮಾಡಿದ. ನಾನು ಮಂಗಗಳನ್ನು ಓಡಿಸುತ್ತ ಕುಳಿತೆ.

ನಮ್ಮ ನೆರೆಯ ಖೇತವಾಡಿಯಲ್ಲಿ 1896ರಲ್ಲಿ ಹುಟ್ಟಿದ ಹುಡುಗನೊಬ್ಬನ ಕಥೆ ಆಗ ನೆನಪಾಯಿತು. ತಾಯಿತಂದೆಗಳನ್ನು ಎಳವೆಯಲ್ಲಿಯೇ ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದವನು. ಶಾಲೆಯಲ್ಲಿ ಸದಾ ತಲೆನೋವು. ಗುಣವಾಗಲೆಂದು ಸಿಂಧ ಪ್ರಾಂತಕ್ಕೆ ಕಳಿಸಿದ್ದರು. 1913ರಲ್ಲಿ ಕಷ್ಟಪಟ್ಟು ಮೆಟ್ರಿಕ್ ಮುಗಿಸಿದ. ಕಾಲೇಜಿನಲ್ಲಿ ಗಣಿತ ಕೈಕೊಟ್ಟಿತು. ಆದರೆ ಹಕ್ಕಿಗಳ ಹಿಂದೆ ತಿರುಗುವುದನ್ನು ಬಿಡಲಿಲ್ಲ. ಅವರೇ ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿ. ಎಲ್ಲರ ಮಕ್ಕಳೂ ಸಾಲಿಂ ಅಲಿ ಆಗುವುದಿಲ್ಲ, ಆಗಬೇಕೆಂದೂ ಇಲ್ಲ. ಆದರೆ ತಲೆನೋವಿನ ಹುಡುಗನನ್ನು ಸೋಮಾರಿಯೆನ್ನುವ ಮೊದಲು ನಾವು ಸ್ವಲ್ಪ ತಡೆಯಬಹುದು. ಜಪಾನಿನ ಅರಣ್ಯ ಇಲಾಖೆಯವರು 1982ರಲ್ಲಿ 'ಕಾಡಿನ ಸ್ನಾನ' ಎಂಬರ್ಥದ ಹೊಸ ಮಾತನ್ನೇ ಹುಟ್ಟಿಸಿ ಪಟ್ಟಣದವರನ್ನು ಕಾಡಿಗೆ ಕರೆದರಂತೆ!

ಹೊರಡುವ ಬಂಧುಗಳಿಗೆ ಒಂದೆರಡು ಮಾತು. ಉದ್ಯಾನಕ್ಕೂ ಗುಹೆಗಳಿಗೂ ಸೋಮವಾರ ರಜೆ, ಘಾರಾಪುರಿಗೂ ಹಾಗೆಯೇ. ಭಾನುವಾರ ರೈಲ್ವೆಯವರ ಬ್ಲಾಕ್ ಇದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. ಮಳೆಗಾಲದಲ್ಲಿ ಕಾನ್ಹೇರಿಯ ಚೆಲುವೇ ಬೇರೆ, ಆದರೆ ಬಂಡೆ ಜಾರುತ್ತದೆ, ತೊರೆಗೆ ಇಳಿಯಬಾರದು. ಕತ್ತಲಾಗುವ ಮೊದಲೇ ಕಾಡು ಬಿಡಬೇಕು. ದಿನವಿಡೀ ಬಿಡುವಿಲ್ಲದವರು ನಾನಾ ಚೌಕದಿಂದ ಆಗಸ್ಟ್ ಕ್ರಾಂತಿ ಮೈದಾನದ ದಾರಿಯಾಗಿ ಮಲಬಾರ್ ಹಿಲ್ಲಿಗೆ ನಡೆದು ಹೋಗಿ ಬಂದರೂ ಆದೀತು.

ಇನ್ನೊಂದು ಮಾತು ಬಿಡಲಾರೆ. ವಾರಗಟ್ಟಲೆ ಊಟ, ನಿದ್ದೆ ಬಿಟ್ಟ ಮಕ್ಕಳಿಗೆ ವಿಹಾರವೊಂದೇ ಸಾಲದು, ಡಾಕ್ಟರಿಗೆ ತೋರಿಸಬೇಕು. ಸರ್ಕಾರವು 2022ರಲ್ಲಿ ತೆರೆದ ಟೆಲಿ ಮಾನಸ್ ಎಂಬ ಉಚಿತ ಸೇವೆಯ ಸಂಖ್ಯೆ 14416; ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ನಾವೂ ಆ ಭಾನುವಾರದ ಮರುವಾರ ಹುಡುಗನನ್ನು ಡಾಕ್ಟರ ಬಳಿ ಕರೆದೊಯ್ದೆವು.

ಪರೀಕ್ಷೆಯ ಫಲಿತಾಂಶ ಕೇಳುವವರಿಗೆ: ಒಂದು ಗುಂಪು ದಾಟಿದ, ಇನ್ನೊಂದು ಉಳಿಯಿತು. ಅಕ್ಕನಿಗೆ ಅವನೇ ಫೋನು ಮಾಡಿ, ಜ್ವರವೆಂದು ನೆಪ ಹೇಳದೆ, ಇದ್ದುದನ್ನು ಇದ್ದಂತೆ ತಿಳಿಸಿದ. ತಿಂಗಳಿಗೊಂದು ಭಾನುವಾರ ಈಗ ಗೆಳೆಯರೊಡನೆ ತಾನೇ ಹೊರಡುತ್ತಾನೆ. ಬರುವ ವಾರ ಪನ್ವೇಲಿನಾಚೆಯ ಕರ್ನಾಳಾ ಪಕ್ಷಿಧಾಮಕ್ಕಂತೆ. ನನ್ನ ಮಗಳೂ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ಬುತ್ತಿಯನ್ನು ಮಾತ್ರ ಅವರೇ ಕಟ್ಟಿಕೊಳ್ಳಬೇಕೆಂದು ನನ್ನ ಹೆಂಡತಿಯ ಷರತ್ತು.