ಹಿಂದಿನ ಗಾಲಿಗೆ ಬಲ ಬರುವ ಬಗೆ

ಮಳೆಗಾಲದಲ್ಲಿ ಸಕಲೇಶಪುರ, ಮಡಿಕೇರಿ ಕಡೆಯ ತೋಟದ ದಾರಿಯಲ್ಲಿ ಕಾರು ಹೂತುಕೊಂಡರೆ ಒಂದು ಗಾಲಿ ಕೆಸರು ಚಿಮ್ಮಿಸುತ್ತ ಗರಗರ ಸುತ್ತುತ್ತದೆ. ಗಟ್ಟಿ ನೆಲದ ಮೇಲಿರುವ ಅದರ ಜೋಡಿ ಗಾಲಿ ಅಲುಗುವುದೇ ಇಲ್ಲ. ಇದಕ್ಕೆ ಕಾರಣ ಡಿಫರೆನ್ಶಿಯಲ್. ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕಲ್ಲ, ಆಗ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಜೋಡಣೆ ಇದು. ಆದರೆ ತಿರುಗುಬಲವನ್ನು ಮಾತ್ರ ಎರಡಕ್ಕೂ ಸಮವಾಗಿಯೇ ಹಂಚುತ್ತದೆ. ಕೆಸರಿನ ಗಾಲಿ ಸುತ್ತಲು ಎಳ್ಳಷ್ಟು ಬಲ ಸಾಕು. ಹಾಗಾಗಿ ಗಟ್ಟಿ ನೆಲದ ಗಾಲಿಗೂ ಸಿಗುವುದು ಎಳ್ಳಷ್ಟೇ. ಎಂಜಿನ್ ಎಷ್ಟು ದೊಡ್ಡದಿದ್ದರೂ ಫಲವಿಲ್ಲ.

ಹಳೆಯ ಜೀಪು ಇದಕ್ಕೆ ಕಂಡುಕೊಂಡ ದಾರಿ ನೇರವಾದದ್ದು. ಸನ್ನೆ ಎಳೆದರೆ ಮುಂದಿನ, ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. 2023ರಲ್ಲಿ ಬಂದ ಮಾರುತಿ ಜಿಮ್ನಿಯದೂ ಇದೇ ವಿಧಾನ. ಕಡಿದಾದ ಏರಿಗೆಂದು ಬೇರೆ ಲೋ ಗೇರ್ ಕೂಡ ಅದರಲ್ಲಿದೆ. ಒಣ ಡಾಂಬರಿನ ಮೇಲೆ ಮಾತ್ರ ಹೀಗೆ ಬಿಗಿದು ಓಡಿಸಬಾರದು. ತಿರುವಿನಲ್ಲಿ ಮುಂದಿನ ಗಾಲಿ, ಹಿಂದಿನ ಗಾಲಿ ಸಾಗುವ ದೂರ ಒಂದೇ ಅಲ್ಲವಾದ್ದರಿಂದ ಶಾಫ್ಟು, ಗೇರುಗಳಲ್ಲಿ ತಿರುಚು ಕೂಡಿಕೊಂಡು ಸ್ಟಿಯರಿಂಗ್ ಜಗ್ಗುತ್ತದೆ.

2014ರ ರೆನೋ ಡಸ್ಟರ್, 2022ರಿಂದ ನಮ್ಮ ಬಿಡದಿಯಲ್ಲೇ ತಯಾರಾಗುತ್ತಿರುವ ಗ್ರ್ಯಾಂಡ್ ವಿಟಾರಾ ಮತ್ತು ಹೈರೈಡರ್ ಗಾಡಿಗಳ ನಾಲ್ಕೂ ಗಾಲಿಗೆ ಬಲ ಕೊಡುವ ಮಾದರಿಗಳದು ಬೇರೆ ಹುಟ್ಟು. ಇವು ಮೂಲತಃ ಮುಂದಿನ ಗಾಲಿ ಎಳೆಯುವ ಕಾರುಗಳು. ಅಡ್ಡಲಾಗಿ ಕೂತ ಎಂಜಿನ್ನಿನ ಗೇರ್‌ಬಾಕ್ಸಿಗೆ ಪುಟ್ಟದೊಂದು ಗೇರ್ ಪೆಟ್ಟಿಗೆ ಸೇರಿಸಿ, ಬಲವನ್ನು ಉದ್ದದ ಶಾಫ್ಟಿನ ಮೂಲಕ ಹಿಂದಕ್ಕೆ ಸಾಗಿಸುತ್ತಾರೆ. ಹಿಂದಿನ ಡಿಫರೆನ್ಶಿಯಲ್‌ಗೆ ಹೊಕ್ಕುವ ಮೊದಲು ಅದು ಒಂದು ಕಪ್ಲಿಂಗ್ ದಾಟಬೇಕು. ಇಡೀ ವ್ಯವಸ್ಥೆಯ ಜೀವ ಇರುವುದು ಅಲ್ಲೇ.

ಕಪ್ಲಿಂಗಿನ ಒಳಗೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಪ್ಲೇಟುಗಳ ಸಾಲು ಇರುತ್ತದೆ. ಹಲವು ಗಾಡಿಗಳಲ್ಲಿ ಇದನ್ನು ಒತ್ತುವುದು ವಿದ್ಯುತ್ಕಾಂತ. ಸುರುಳಿಯಲ್ಲಿ ವಿದ್ಯುತ್ ಹರಿದಾಗ ಮೊದಲು ಒಂದು ಸಣ್ಣ ಕ್ಲಚ್ ಹಿಡಿಯುತ್ತದೆ. ಆ ಹಿಡಿತದಿಂದ ಉಕ್ಕಿನ ಗುಂಡುಗಳು ತಮ್ಮ ಇಳಿಜಾರು ಕುಳಿಗಳಿಂದ ಮೇಲೇರಿ ದೊಡ್ಡ ಪ್ಲೇಟುಗಳನ್ನು ಅದುಮುತ್ತವೆ. ಕೊಂಚವೇ ವಿದ್ಯುತ್ತಿನಿಂದ ಇಡೀ ಗಾಡಿಯನ್ನು ನೂಕುವಷ್ಟು ಹಿಡಿತ ಹುಟ್ಟುವ ಈ ಏರ್ಪಾಟು ನನಗೆ ಬಹಳ ಮೆಚ್ಚುಗೆಯದು. ಎಷ್ಟು ಅದುಮಬೇಕು ಎನ್ನುವುದನ್ನು ಕಂಪ್ಯೂಟರ್ ಕ್ಷಣಕ್ಷಣಕ್ಕೂ ತೀರ್ಮಾನಿಸುತ್ತದೆ. ಎಬಿಎಸ್‌ಗೆಂದು ಇಟ್ಟ ಗಾಲಿವೇಗದ ಸೆನ್ಸರುಗಳು, ಆಕ್ಸಿಲರೇಟರ್ ಒತ್ತಿದ ಪ್ರಮಾಣ, ಸ್ಟಿಯರಿಂಗಿನ ಕೋನ, ಇವೇ ಅದರ ಆಧಾರ. ಹೊಸ ಗಾಡಿಗಳು ಗಾಲಿ ಜಾರುವವರೆಗೆ ಕಾಯುವುದೂ ಇಲ್ಲ. ನಿಂತಲ್ಲಿಂದ ಜೋರಾಗಿ ಹೊರಟರೆ ಮೊದಲೇ ಹಿಂದಕ್ಕೆ ಬಲ ಕೊಟ್ಟಿರುತ್ತವೆ. ‘ಲಾಕ್’ ಗುಂಡಿ ಒತ್ತಿದರೆ ಪ್ಲೇಟುಗಳು ಪೂರ್ತಿ ಅದುಮಿಕೊಳ್ಳುತ್ತವೆ, ವೇಗ ಹೆಚ್ಚಿದಾಗ ತಾವೇ ಸಡಿಲುತ್ತವೆ.

ಇಷ್ಟಾದರೂ ಎಡ-ಬಲದ ತೊಡಕು ಉಳಿಯಿತು, ಹಿಂದೆಯೂ ಡಿಫರೆನ್ಶಿಯಲ್ ಇದೆಯಲ್ಲ! ಅದನ್ನು ನೀಗಿಸುವುದು ಬ್ರೇಕು. ಸುಮ್ಮನೆ ಸುತ್ತುವ ಗಾಲಿಯೊಂದಕ್ಕೇ ಕಂಪ್ಯೂಟರ್ ಬ್ರೇಕ್ ಹಾಕಿದರೆ ಅದನ್ನು ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಸಮಪಾಲಿನ ನಿಯಮದಂತೆ ಗಟ್ಟಿ ನೆಲದ ಗಾಲಿಗೂ ಅಷ್ಟೇ ಬಲ ದಕ್ಕಿ ಗಾಡಿ ಮುಂದೆ ಸರಿಯುತ್ತದೆ.

ಇದು ನಿಜವಾದ ಫೋರ್ ವೀಲ್ ಅಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮಳೆಯಲ್ಲಿ ನೆನೆದ ಘಾಟಿ, ಜಾರುವ ಮಣ್ಣುರಸ್ತೆ, ಒದ್ದೆ ಹುಲ್ಲಿನ ಏರಿಗೆ ಇದು ಧಾರಾಳ ಸಾಕು. ಸಾಲದೆ ಹೋಗುವುದು ದಪ್ಪ ಮರಳಲ್ಲಿ, ಆಳದ ಕೆಸರಲ್ಲಿ ಬಹಳ ಹೊತ್ತು ಹೆಣಗುವಾಗ. ಪ್ಲೇಟುಗಳು ಉಜ್ಜಿ ಕಾದರೆ ಎಚ್ಚರಿಕೆಯ ದೀಪ ಹೊತ್ತಿ, ಹಿಂದಿನ ಗಾಲಿಗೆ ಬಲ ನಿಲ್ಲುತ್ತದೆ. ಆಗ ಗಾಡಿ ನಿಲ್ಲಿಸಿ ಆರಲು ಬಿಡಬೇಕು. ಬ್ರೇಕ್ ಹಿಡಿಯುವ ದೂರವಂತೂ ಇದರಿಂದ ಒಂದಡಿಯೂ ಕಡಿಮೆಯಾಗದು; ಅದು ಟಯರಿನ ಕೆಲಸ.

ಇಂಥ ಗಾಡಿ ಇಟ್ಟುಕೊಂಡವರು ನಾಲ್ಕೂ ಟಯರನ್ನು ಒಟ್ಟಿಗೇ ಬದಲಿಸಿ. ಹೊಸದು ಎರಡು, ಸವೆದದ್ದು ಎರಡು ಹಾಕಿದರೆ ಸುತ್ತಳತೆ ಬೇರೆಯಾಗಿ ಕಪ್ಲಿಂಗ್ ಸದಾ ಉಜ್ಜುತ್ತಿರುತ್ತದೆ. ಗಾಡಿ ಕೆಟ್ಟು ನಿಂತಾಗ ಎರಡು ಗಾಲಿ ಎತ್ತಿ ಎಳೆದೊಯ್ಯಲು ಬಿಡಬೇಡಿ, ನಾಲ್ಕೂ ಗಾಲಿ ನೆಲ ಬಿಟ್ಟು ಲಾರಿಯ ಮೇಲೆ ಸಾಗಿಸಲು ಹೇಳಿ.