ಗಿಟಾರಿನ ಚುಕ್ಕೆ ಚಿತ್ರಗಳನ್ನು ಓದುವ ಬಗೆ

ನಮ್ಮ ವಾಚನಾಲಯಕ್ಕೆ ಬರುವ ತರುಣರಲ್ಲಿ ಕೆಲವರು ಹಳೆಯ ಗಿಟಾರು ಕೊಂಡಿದ್ದಾರೆ. ಡೊಂಬಿವಲಿಯಿಂದ ಬೆಳಗಿನ ಗಾಡಿ ಹಿಡಿದು ರಾತ್ರಿ ಮನೆ ಸೇರುವವರಿಗೆ ಗುರುಗಳ ಬಳಿ ಕುಳಿತು ಕಲಿಯಲು ಹೊತ್ತೆಲ್ಲಿ? ಶುಲ್ಕವೂ ಕೈಗೆ ಭಾರ. ಪುಸ್ತಕ ತೆರೆದರೆ ಬರಿಯ ಗೆರೆ, ಚುಕ್ಕೆ. ಅವನ್ನು ಓದುವ ಬಗೆಯನ್ನು ಇಲ್ಲಿ ಹೇಳುತ್ತೇವೆ.

ಗಿಟಾರನ್ನು ನಮಗೆ ಎದುರಾಗಿ ನಿಲ್ಲಿಸಿದಂತೆ ಭಾವಿಸಬೇಕು. ಚಿತ್ರದ ೬ ನೆಟ್ಟನೆಯ ಗೆರೆಗಳೇ ತಂತಿಗಳು; ಎಡತುದಿಯದು ಎಲ್ಲಕ್ಕಿಂತ ದಪ್ಪನಾದ ಆರನೆಯ ತಂತಿ. ಅಡ್ಡಗೆರೆಗಳು ವೀಣೆಯಲ್ಲಿರುವಂತಹ ಮೆಟ್ಟುಗಳು. ಚುಕ್ಕೆಯಿದ್ದಲ್ಲಿ ಬೆರಳೊತ್ತಬೇಕು. ಮೇಲೆ ಸೊನ್ನೆಯಿದ್ದರೆ ತಂತಿಯನ್ನು ಒತ್ತದೆ ಮೀಟಬೇಕು. ಗುಣಾಕಾರದ ಗುರುತಿದ್ದರೆ ಮೀಟಲೇಬಾರದು.

ಒಂದು ಉದಾಹರಣೆ ನೋಡೋಣ. ಮೂರನೆಯ ತಂತಿಯ ೧ನೆಯ ಮನೆಯಲ್ಲಿ ತೋರುಬೆರಳು, ಐದನೆಯ ಮತ್ತು ನಾಲ್ಕನೆಯ ತಂತಿಗಳ ೨ನೆಯ ಮನೆಯಲ್ಲಿ ಮುಂದಿನ ಎರಡು ಬೆರಳು. ಆರೂ ತಂತಿಗಳನ್ನು ಮೀಟಿದರೆ ಸ, ಪ, ಸ, ಗ, ಪ, ಸ ಒಟ್ಟಿಗೆ ನುಡಿಯುತ್ತವೆ. ಇದೇ 'ಇ ಮೇಜರ್' ಎಂಬ ಕಾರ್ಡ್. ತೋರುಬೆರಳನ್ನಷ್ಟೇ ಎತ್ತಿದರೆ ಗಾಂಧಾರ ಕೋಮಲವಾಗಿ 'ಇ ಮೈನರ್' ಆಗುತ್ತದೆ. ಒಂದೇ ಚುಕ್ಕೆಯ ವ್ಯತ್ಯಾಸದಿಂದ ಭಾವವೇ ಬದಲಾಗುವುದು!

ಸ್ವರಶ್ರೇಣಿಯೂ ಹೀಗೆಯೇ. ಒಂದೊಂದು ಮೆಟ್ಟಿಗೂ ಅರ್ಧ ಸ್ವರ ಏರುತ್ತದೆ. ೧೨ನೆಯದರಲ್ಲಿ ತಂತಿಯ ಉದ್ದ ಅರ್ಧವಾಗಿ ತಾರಷಡ್ಜ ಬರುತ್ತದೆ. ಒಂದೇ ತಂತಿಯ ಮೇಲೆ ೦, ೨, ೪, ೫, ೭, ೯, ೧೧, ೧೨ ಎಂದು ನಡೆದರೆ ಅದೇ ಶಂಕರಾಭರಣದ, ಇಲ್ಲಿಯವರ ಬಿಲಾವಲ್ ಥಾಟಿನ, ಸ್ವರಗಳು. ಇದೇ ಅಂತರಗಳನ್ನು ೩ನೆಯ ಮನೆಯಿಂದ ಆರಂಭಿಸಿದರೆ ಶ್ರುತಿ ಮಾತ್ರ ಬದಲಾಗುತ್ತದೆ, ಸ್ವರಗಳ ಸಂಬಂಧ ಬದಲಾಗುವುದಿಲ್ಲ. ಆದ್ದರಿಂದ ಒಂದು ಆಕಾರ ಕಲಿತವನು ಹಲವು ಶ್ರುತಿ ಕಲಿತಂತೆಯೇ.

ಸಂಗೀತವನ್ನು ಕಣ್ಣಿಗೆ ಕಾಣಿಸುವ ಯತ್ನ ನಮಗೆ ಹೊಸದಲ್ಲ. ಮುಂಬಯಿಯ ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರು (೧೮೬೦–೧೯೩೬) ಹಿಂದುಸ್ತಾನಿ ರಾಗಗಳನ್ನು ೧೦ ಥಾಟುಗಳಲ್ಲಿ ಅಳವಡಿಸಿದರು. ಅವರ ಲಿಪಿಯಲ್ಲಿ ಕೋಮಲ ಸ್ವರದ ಕೆಳಗೆ ಅಡ್ಡಗೆರೆ, ತೀವ್ರ ಮಧ್ಯಮದ ಮೇಲೆ ನಿಂತ ಗೆರೆ. ಗುರುವಿನಿಂದ ದೂರವಿದ್ದವನಿಗೂ ಆ ಗೆರೆಗಳು ದಾರಿ ತೋರಿದವು.

ಆದರೆ ಚಿತ್ರಕ್ಕೆ ಕಿವಿಯಿಲ್ಲ. ನಮ್ಮಲ್ಲೊಬ್ಬರು ಒಂದು ತಿಂಗಳು ಚುಕ್ಕೆ ತಪ್ಪದೆ ಬೆರಳಿಟ್ಟರೂ ನಾದ ಕೂಡಲಿಲ್ಲ. ತಮಗೆ ಸಂಗೀತ ಒಲಿಯದೆಂದು ವಾದ್ಯವನ್ನು ಮಾರಲು ಹೊರಟಿದ್ದರು. ನೋಡಿದರೆ ತಂತಿಗಳ ಶ್ರುತಿಯೇ ತಪ್ಪಿತ್ತು! ಆರನೆಯ ತಂತಿಯನ್ನು ಹಾರ್ಮೋನಿಯಮ್ಮಿನ ಬಿಳಿ ಮೂರಕ್ಕೆ, ಇಲ್ಲಿಯವರ 'ಪಾಂಢರೀ ತೀನ್'ಗೆ, ಕೂಡಿಸಿ. ಅದರ ೫ನೆಯ ಮನೆಯ ನಾದಕ್ಕೆ ಐದನೆಯ ತಂತಿಯನ್ನು ಸರಿಪಡಿಸಿ. ಹೀಗೆಯೇ ಮುಂದೆ ಸಾಗಿ. ಎರಡನೆಯ ತಂತಿಗೆ ಮಾತ್ರ ಮೂರನೆಯದರ ೪ನೆಯ ಮನೆ ಆಧಾರ.

ದಿನಕ್ಕೆ ಕಾಲು ಗಂಟೆ ಸಾಕು. ಮೊದಲು ಶ್ರುತಿ, ಅನಂತರ ಚುಕ್ಕೆ. ಈ ಕ್ರಮ ತಪ್ಪದಿದ್ದರೆ ದುಡಿದು ಬಂದ ಕೈಗಳಿಗೂ ನಾದ ಒಲಿಯುತ್ತದೆ.